ಮೂವತ್ತು-ನಲವತ್ತರ ಸೈಟಿಗೆ ಮುನ್ನೂರರವತ್ತು ಡಿಗ್ರಿ ಯಾಕೆ ಸ್ವಾಮಿ?

ಅಲ್ಲ ಸ್ವಾಮಿ, ಒಂದು ಲೆಕ್ಕ ಕೇಳ್ತೀನಿ. ನಮ್ಮ ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಮೂವತ್ತು-ನಲವತ್ತರ ಸೈಟು ಅಂದ್ರೆ ರಸ್ತೆ ಕಡೆಗೆ 30 ಅಡಿ. ಮೀಟರಿನಲ್ಲಿ ಹೇಳೋದಾದ್ರೆ 9ಕ್ಕೆ ಚೂರು ಜಾಸ್ತಿ. ಅಷ್ಟರಲ್ಲೇ ಒಂದು ಗೇಟು, ಒಂದು ಕಾರು ನಿಲ್ಲೋ ಜಾಗ, ನೆಲದಡಿ ಒಂದು ಸಂಪು, ಮೂಲೆಯಲ್ಲೊಂದು ತುಳಸಿ ಕುಂಡ. ಪಕ್ಕದ ಗೋಡೆಗೂ ಕಾಂಪೌಂಡಿಗೂ ನಡುವೆ ಒಬ್ಬ ಮನುಷ್ಯ ಓರೆಯಾಗಿ ನುಗ್ಗುವಷ್ಟು ಜಾಗ. ಇಷ್ಟನ್ನು ಕಾಯೋದಕ್ಕೆ ಸುತ್ತಲೂ ಕತ್ತು ತಿರುಗಿಸಿ ನೋಡೋ ಕ್ಯಾಮೆರಾ ಬೇಕಾ? ತಿರುಗಿ ಏನನ್ನ ನೋಡುತ್ತೆ ಅದು? ಹಿಂದಕ್ಕೆ ತಿರುಗಿದ್ರೆ ನಿಮ್ಮದೇ ಗೋಡೆಯ ಬಣ್ಣ. ಎಡಕ್ಕೆ ಪಕ್ಕದ ಮನೆಯವರ ಅಡುಗೆಮನೆ ಕಿಟಕಿ. ಬಲಕ್ಕೆ ಇನ್ನೊಬ್ಬರ ಬಚ್ಚಲುಮನೆ ಗವಾಕ್ಷಿ. ತಲೆ ಎತ್ತಿದ್ರೆ ಎದುರುಮನೆ ಬಾಲ್ಕನಿ, ಅಲ್ಲಿ ಒಣಗಿ ಹಾಕಿದ ಬಟ್ಟೆ. ನಿಮ್ಮ ಗೇಟಿಗೆ ಬೇಕಾಗಿರೋದು ಹೆಚ್ಚೆಂದ್ರೆ ತೊಂಬತ್ತು ಡಿಗ್ರಿ. ಮಿಕ್ಕ ಇನ್ನೂರೆಪ್ಪತ್ತು ಡಿಗ್ರಿಯೂ ಊರವರದ್ದು.

ಆದ್ರೂ ಈಗೀಗ ಯಾರ ಗೃಹಪ್ರವೇಶಕ್ಕೆ ಹೋದ್ರೂ ಊಟ ಮುಗಿಸಿ ಎಲೆ ಅಡಿಕೆ ಹಾಕೋ ಹೊತ್ತಿಗೆ ಯಜಮಾನರು ಮೊಬೈಲು ತೆಗೀತಾರೆ. "ನೋಡಿ ಇಲ್ಲಿ" ಅಂತ ಪರದೆ ಮೇಲೆ ಬೆರಳು ಎಳೀತಾರೆ. ಹೊರಗೆ ಸಜ್ಜಾದ ಕೆಳಗೆ ನೇತುಬಿದ್ದಿರೋ ಬಿಳಿ ಗುಂಡು ಗುರ್ ಅಂತ ತಿರುಗುತ್ತೆ. ಮಕ್ಕಳು ಚಪ್ಪಾಳೆ ಹೊಡೀತಾರೆ. ಹೀಗೆ ಬೆರಳಿಗೆ ಕುಣಿಯೋ ವಸ್ತು ತೋರಿಸಿದ್ರೆ ಗಿರಾಕಿ ಜೇಬಿಗೆ ಕೈ ಹಾಕ್ತಾನೆ ಅನ್ನೋದು ಮಾರೋವ್ರಿಗೆ ಚೆನ್ನಾಗಿ ಗೊತ್ತು. ಸುಮ್ಮನೆ ಗೇಟನ್ನೇ ದಿಟ್ಟಿಸ್ತಾ ಕೂತಿರೋ ಕ್ಯಾಮೆರಾವನ್ನ ತೋರಿಸಿ ಮೆಚ್ಚಿಸೋದು ಹೇಗೆ ಹೇಳಿ? ಅದು ಏನೂ ಮಾಡೋದೇ ಇಲ್ಲವಲ್ಲ! (ಒಳ್ಳೇ ಕಾವಲುಗಾರನೂ ನೋಡೋವ್ರಿಗೆ ಹಾಗೇ ಕಾಣ್ತಾನೆ.)

ಅಂಗಡಿ ಭಾಷೆಯಲ್ಲಿ ಇದಕ್ಕೆ ಪಿಟಿಜೆಡ್ ಅಂತಾರೆ. ಪ್ಯಾನ್ ಅಂದ್ರೆ ಅಡ್ಡಡ್ಡ ತಿರುಗೋದು, ಟಿಲ್ಟ್ ಅಂದ್ರೆ ಮೇಲಕ್ಕೂ ಕೆಳಕ್ಕೂ ಬಾಗೋದು, ಜೂಮ್ ಅಂದ್ರೆ ದೂರದ್ದನ್ನ ಹತ್ತಿರಕ್ಕೆ ಎಳೆಯೋದು. ಎರಡೂವರೆ ಮೂರು ಸಾವಿರಕ್ಕೆ ಸಿಗೋ ಬಹುಪಾಲು ಮಾಲಿನಲ್ಲಿ ಮೊದಲಿನ ಎರಡು ಮಾತ್ರ ಇರುತ್ತೆ. ಡಬ್ಬದ ಮೇಲೆ ಜೂಮ್ ಅಂತ ಬರೆದಿದ್ರೂ ಅದು ಡಿಜಿಟಲ್ ಜೂಮ್. ಲೆನ್ಸು ಅಲ್ಲಾಡೋದೇ ಇಲ್ಲ, ಇದ್ದ ಚಿತ್ರವನ್ನೇ ಹಿಗ್ಗಿಸಿ ತೋರಿಸುತ್ತೆ ಅಷ್ಟೆ. ನೆಂಟರು ಜಾಸ್ತಿ ಬಂದ್ರು ಅಂತ ಸಾರಿಗೆ ನೀರು ಬೆರೆಸಿದ ಹಾಗೆ. ಪಾತ್ರೆ ತುಂಬುತ್ತೆ, ರುಚಿ ಇರಲ್ಲ.

ತಿರುಗೋ ಕ್ಯಾಮೆರಾ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಅದು ಹುಟ್ಟಿದ್ದು ಬೇರೆ ಕೆಲಸಕ್ಕೆ. ಪೊಲೀಸ್ ಕಂಟ್ರೋಲ್ ರೂಮು, ದೊಡ್ಡ ಕಾರ್ಖಾನೆ, ರೈಲ್ವೆ ನಿಲ್ದಾಣ, ತೇರು ಎಳೆಯೋ ಬೀದಿ - ಇಂಥ ಕಡೆ ಒಬ್ಬ ಮನುಷ್ಯ ಪರದೆ ಮುಂದೆ ಕೂತಿರ್ತಾನೆ, ಕೈಯಲ್ಲೊಂದು ಜಾಯ್‌ಸ್ಟಿಕ್ ಇರುತ್ತೆ. ಗುಂಪಿನಲ್ಲಿ ಏನೋ ಗಲಾಟೆ ಕಂಡ್ರೆ ಅತ್ತ ತಿರುಗಿಸ್ತಾನೆ, ನಿಜವಾದ ಜೂಮ್ ಹಾಕಿ ನೋಡ್ತಾನೆ. ಅಲ್ಲೂ ಆ ತಿರುಗೋ ಕ್ಯಾಮೆರಾದ ಜತೆಗೆ ಅಲ್ಲಾಡದ ಕ್ಯಾಮೆರಾಗಳು ಇದ್ದೇ ಇರ್ತವೆ. ಕತ್ತಿನ ಹಿಂದೆ ತಲೆ ಇದ್ದಾಗ ಮಾತ್ರ ಕತ್ತಿಗೆ ಬೆಲೆ. ನಿಮ್ಮ ಮನೇಲಿ ರಾತ್ರಿ ಎರಡು ಗಂಟೆಗೆ ಪರದೆ ಮುಂದೆ ಯಾರು ಕೂತಿರ್ತಾರೆ?

"ನಾವು ಕೂರಬೇಕಾಗಿಲ್ಲ, ಅದೇ ಗಸ್ತು ತಿರುಗುತ್ತೆ" ಅಂತಾರೆ. ಸರಿ, ಅದರ ಲೆಕ್ಕವನ್ನೂ ಹಾಕೋಣ. ನಾಲ್ಕು ದಿಕ್ಕಿಗೆ ತಲಾ ಹದಿನೈದು ಸೆಕೆಂಡು ಅಂತ ಇಟ್ಕೊಳ್ಳಿ. ಒಂದು ನಿಮಿಷದಲ್ಲಿ ಗೇಟಿನ ಪಾಲಿಗೆ ಬರೋದು ಹದಿನೈದು ಸೆಕೆಂಡು, ಮಿಕ್ಕ ನಲವತ್ತೈದು ಸೆಕೆಂಡು ಗೇಟು ಅನಾಥ. ನಾಲ್ಕಡಿ ಕಾಂಪೌಂಡು ಹಾರೋದಕ್ಕೆ ಎಷ್ಟು ಹೊತ್ತು ಬೇಕು? ನಮ್ಮ ಬೀದಿ ಹುಡುಗರು ಕ್ರಿಕೆಟ್ ಚೆಂಡು ತರೋಕೆ ಐದು ಸೆಕೆಂಡಿನಲ್ಲಿ ಹಾರ್ತಾರೆ. ಬೈಕಿನಲ್ಲಿ ಬಂದು ಸರ ಕಿತ್ಕೊಂಡು ಹೋಗೋದು ಅದಕ್ಕಿಂತ ಬೇಗ. ಹಿಂದೆಲ್ಲ ಗೂರ್ಖಾ ರಾತ್ರಿ ಸೀಟಿ ಊದಿಕೊಂಡು ಬರ್ತಿದ್ದ, ನೆನಪಿದೆಯಾ? ಸೀಟಿ ಮುಂದಿನ ಕ್ರಾಸಿಗೆ ಹೋಯ್ತು ಅಂದ್ರೆ ಈ ಬೀದಿ ಖಾಲಿ ಅಂತ ಕಳ್ಳನಿಗೆ ತಾನೇ ಗೊತ್ತಾಗ್ತಿತ್ತು. ಕ್ಯಾಮೆರಾದ ಮುಖ ಎತ್ತ ತಿರುಗಿದೆ ಅಂತಲೂ ಹಾಗೇ ರಸ್ತೆಯಲ್ಲಿ ನಿಂತೋರಿಗೆಲ್ಲ ಕಾಣುತ್ತೆ.

ಇನ್ನು ಆಟೊ ಟ್ರ್ಯಾಕಿಂಗ್. ಅಂದ್ರೆ ಅಲ್ಲಾಡಿದ್ದನ್ನ ಹಿಂಬಾಲಿಸೋದು. ಕೇಳೋಕೆ ಬಹಳ ಚೆನ್ನಾಗಿದೆ. ಆದ್ರೆ ನಮ್ಮ ಬೀದಿಯಲ್ಲಿ ರಾತ್ರಿ ಅಲ್ಲಾಡೋದು ಯಾವುದು? ನಾಯಿ. ಆಮೇಲೆ ಇನ್ನೊಂದು ನಾಯಿ. ಗಾಳಿಗೆ ಓಲಾಡೋ ತೆಂಗಿನ ಗರಿ, ಮೂಲೆಯಲ್ಲಿ ತಿರುಗೋ ಆಟೋದ ಹೆಡ್‌ಲೈಟು. ಮಳೆಗಾಲದಲ್ಲಿ ಕ್ಯಾಮೆರಾದ ಬೆಳಕಿಗೆ ಹಾತೆ ಮುತ್ತಿಕೊಳ್ತವೆ, ಹಾತೆ ಬಂತು ಅಂತ ಜೇಡ ಬಂದು ಲೆನ್ಸಿನ ಮುಂದೇ ಬಲೆ ಹೆಣೆಯುತ್ತೆ, ಆ ಬಲೆ ಇನ್‌ಫ್ರಾರೆಡ್ ಬೆಳಕಿನಲ್ಲಿ ಟ್ಯೂಬ್‌ಲೈಟಿನ ಹಾಗೆ ಹೊಳೆಯುತ್ತೆ. ಇವೆಲ್ಲಕ್ಕೂ ನಿಮ್ಮ ಮೊಬೈಲು ಟಿಂಗ್ ಅನ್ನುತ್ತೆ. ಮೂರನೇ ದಿನಕ್ಕೆ ನೀವು ಟಿಂಗ್ ಬಂದ್ ಮಾಡ್ತೀರಿ. ಈಗಿನ ಕೆಲವು ಕ್ಯಾಮೆರಾಗಳು ಮನುಷ್ಯನನ್ನ ನಾಯಿಯಿಂದ ಬೇರೆ ಮಾಡಿ ಗುರುತಿಸ್ತವೆ, ಒಪ್ಪಿದೆ. ಆದ್ರೆ ಬೀದಿಯಲ್ಲಿ ನಡೆದು ಹೋಗೋ ಮನುಷ್ಯನೂ ಮನುಷ್ಯನೇ ತಾನೆ? ಅವನ ಹಿಂದೆ ಕತ್ತು ಹೊರಳಿಸಿಕೊಂಡು ಹೋದ ಕ್ಯಾಮೆರಾ ಅಷ್ಟು ಹೊತ್ತು ನಿಮ್ಮ ಬಾಗಿಲಿಗೆ ಬೆನ್ನು ಹಾಕಿರುತ್ತೆ.

ಈಗ ಅಸಲು ವಿಷಯಕ್ಕೆ ಬರೋಣ, ಮುಖ ಕಾಣೋ ವಿಷಯ. ಕಳ್ಳತನ ಆದ ಮೇಲೆ ಸ್ಟೇಷನ್ನಿಗೆ ಹೋದ್ರೆ ಕೇಳೋ ಮೊದಲ ಪ್ರಶ್ನೆ, "ಮುಖ ಕಾಣುತ್ತಾ?" ಇದಕ್ಕೊಂದು ಅಂತರರಾಷ್ಟ್ರೀಯ ಅಳತೆ ಇದೆ, ಐಇಸಿ 62676-4 ಅಂತ, ಅದರ 2014ರ ಆವೃತ್ತಿಯ ಲೆಕ್ಕ ಹೀಗಿತ್ತು. ದೃಶ್ಯದ ಒಂದು ಮೀಟರ್ ಅಗಲಕ್ಕೆ 25 ಪಿಕ್ಸೆಲ್ ಸಿಕ್ಕಿದ್ರೆ ಅಲ್ಲಿ ಯಾರೋ ಇದ್ದಾರೆ ಅನ್ನಬಹುದು. 125 ಸಿಕ್ಕಿದ್ರೆ ಗೊತ್ತಿರೋ ಆಸಾಮಿಯಾದ್ರೆ ಗುರುತು ಹಿಡೀಬಹುದು. ಗೊತ್ತಿಲ್ಲದವನ ಗುರುತು ಪಕ್ಕಾ ಆಗಬೇಕಾದ್ರೆ 250 ಬೇಕು. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 1920 ಪಿಕ್ಸೆಲ್. ಅದು ತೊಂಬತ್ತು ಡಿಗ್ರಿ ನೋಡೋದಾದ್ರೆ ಎಷ್ಟು ಮೀಟರ್ ದೂರವೋ ಅದರ ಎರಡರಷ್ಟು ಅಗಲ ಅದರ ಕಣ್ಣಿಗೆ ಬೀಳುತ್ತೆ. ಭಾಗಿಸಿ ನೋಡಿ. ಯಾರೋ ಇದ್ದಾರೆ ಅನ್ನೋದು 38 ಮೀಟರ್ ದೂರದವರೆಗೂ ತಿಳಿಯುತ್ತೆ. ಮುಖದ ಗುರುತು ಸಿಗೋದು ನಾಲ್ಕು ಮೀಟರಿಗೂ ಒಳಗೆ! ಅದೂ ಹಗಲು, ಲೆನ್ಸು ಒರೆಸಿದ್ರೆ, ಕಳ್ಳ ಮಂಕಿ ಟೋಪಿ ಹಾಕದೇ ಇದ್ರೆ.

ಕ್ಯಾಮೆರಾ ತಿರುಗೋದ್ರಿಂದ ಈ ಲೆಕ್ಕ ಒಂದು ಪಿಕ್ಸೆಲ್ಲಿನಷ್ಟೂ ಬದಲಾಗಲ್ಲ. ಬದಲಾಗೋದು ಲೆನ್ಸಿನಿಂದ. ತೊಂಬತ್ತು ಡಿಗ್ರಿ ಬದಲು ಐವತ್ತು ಡಿಗ್ರಿ ನೋಡೋ ಲೆನ್ಸು ಹಾಕಿದ್ರೆ ಅದೇ ಎರಡು ಮೆಗಾಪಿಕ್ಸೆಲ್ಲಿನಲ್ಲಿ ಗುರುತು ಸಿಗೋ ದೂರ ಎಂಟು ಮೀಟರಿಗೆ ಏರುತ್ತೆ. ಅಂದ್ರೆ ಗೇಟು ಹತ್ತಿರ ಇದ್ರೆ ಒಂದು ಲೆನ್ಸು, ದೂರ ಇದ್ರೆ ಇನ್ನೊಂದು. ಈ ಮಾತನ್ನ ಎಷ್ಟು ಜನ ಅಂಗಡಿಯವರು ಹೇಳ್ತಾರೆ? "ಎಷ್ಟು ಮೆಗಾಪಿಕ್ಸೆಲ್ ಬೇಕು ಸಾರ್, ತಿರುಗೋದಾ, ತಿರುಗದೇ ಇರೋದಾ" - ಮುಗೀತು. ಗೇಟು ಎಷ್ಟು ದೂರ ಅಂತ ಟೇಪು ಹಿಡಿದು ಅಳೆದವರನ್ನ ನಾನಂತೂ ನೋಡಿಲ್ಲ. ದರ್ಜಿ ಅಂಗಿ ಹೊಲಿಯೋಕೆ ಅಳತೆ ತಗೋತಾನೆ, ಇವರು ತಗೊಳ್ಳಲ್ಲ.

ಎತ್ತರವೂ ಹಾಗೇ. ತಿರುಗೋ ಕ್ಯಾಮೆರಾ ಸುತ್ತಲೂ ನೋಡಬೇಕಲ್ಲ, ಅದಕ್ಕೆ ಮೊದಲನೇ ಮಹಡಿ ಸಜ್ಜಾಕ್ಕೆ ಹೊಡೀತಾರೆ. ಅಲ್ಲಿಂದ ಕಾಣೋದು ನೆತ್ತಿ, ಹೆಲ್ಮೆಟ್ಟು. ಎಂಟು ಹತ್ತು ಅಡಿ ಎತ್ತರದಲ್ಲಿ, ಬಾಗಿಲಿಗೆ ಬರೋವ್ರ ಮುಖಕ್ಕೆ ಎದುರಾಗಿ ಕೂತ ಕ್ಯಾಮೆರಾಕ್ಕೆ ಸಿಗೋ ಮುಖ ಅದಕ್ಕೆ ಸಿಗಲ್ಲ. ತಿರುಗೋ ಭಾಗ ಅಂದ್ಮೇಲೆ ಹಲ್ಲುಚಕ್ರ, ಮೋಟಾರು, ಸಂದು. ಸಂದು ಅಂದ್ಮೇಲೆ ನೀರು, ಧೂಳು, ಇರುವೆ. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಮನೇಲಿ ಟೇಬಲ್ ಫ್ಯಾನ್ ಇಟ್ಟವರಿಗೆಲ್ಲ ಯಾವ ಭಾಗ ಮೊದಲು ಕೆಡುತ್ತೆ ಅಂತ ಗೊತ್ತು.

ಇವೆಲ್ಲ ದುಡ್ಡಿನ ನಷ್ಟ, ಹೋಗಲಿ ಅನ್ನಬಹುದು. ನನಗೆ ಸಿಟ್ಟು ಬಂದಿರೋದು ಬೇರೆ ಕಾರಣಕ್ಕೆ.

ನಮ್ಮ ಎದುರುಮನೆಯವರು ಹೋದ ವರ್ಷ ಇಂಥದ್ದೊಂದನ್ನ ಹಾಕಿಸಿದ್ರು. ನಮ್ಮಮ್ಮನಿಗೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೊರಗಿನ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸೋ ಅಭ್ಯಾಸ. ಅವರೆಕಾಯಿ ಕಾಲದಲ್ಲಂತೂ ಮೊರ ತುಂಬ ಕಾಯಿ ಇಟ್ಕೊಂಡು ಮಧ್ಯಾಹ್ನದವರೆಗೂ ಅಲ್ಲೇ. ಹೂವಿನವಳು, ಪಕ್ಕದ ಮನೆ ಅಜ್ಜಿ, ಪೋಸ್ಟಿನವರು, ಎಲ್ಲರ ಕಷ್ಟ ಸುಖದ ವಿಚಾರಣೆಯೂ ಅಲ್ಲೇ. ಕ್ಯಾಮೆರಾ ಬಂದ ವಾರಕ್ಕೆ ಮೊರ ಅಡುಗೆಮನೆಗೆ ಹೋಯ್ತು. "ಯಾಕಮ್ಮ?" ಅಂದ್ರೆ, "ನಾ ಎದ್ದು ಓಡಾಡಿದ್ರೆ ಅದರ ಮುಖ ನನ್ನ ಕಡೆಗೇ ತಿರುಗುತ್ತೆ ಕಣೋ, ಒಂಥರಾ ಆಗುತ್ತೆ" ಅಂದ್ರು. ಎದುರುಮನೆ ಅಂಕಲ್ ಹತ್ರ ಹೋಗಿ ಕೇಳಿದೆ. ಕೆಟ್ಟ ಮನುಷ್ಯ ಅಲ್ಲ, ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ಕಳಿಸೋ ಮನೆ. "ಅಯ್ಯೋ, ಅದು ಆಟೊಮ್ಯಾಟಿಕ್ಕು, ನಾವ್ಯಾರೂ ನೋಡೋದೇ ಇಲ್ಲಪ್ಪ" ಅಂದ್ರು. ಯಾರೂ ನೋಡೋದೇ ಇಲ್ಲ ಅಂದ್ಮೇಲೆ ಹಾಕಿದ್ದು ಯಾಕೆ ಅಂಕಲ್ ಅಂತ ಕೇಳಬೇಕಿತ್ತು, ಕೇಳಿದೆ. ಅವತ್ತಿನಿಂದ ಮಾತು ಸ್ವಲ್ಪ ಕಮ್ಮಿಯಾಗಿದೆ. ಕ್ಯಾಮೆರಾ ಈಗಲೂ ತಿರುಗ್ತಿದೆ.

ಇದನ್ನ ಚಿಲ್ಲರೆ ವಿಷಯ ಅನ್ನೋವ್ರು ಒಂದು ಸಂಗತಿ ನೆನಪಿಟ್ಕೋಬೇಕು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತಲ್ಲ, ಆ ಮೊಕದ್ದಮೆಯ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಆಧಾರ್ ವಿರುದ್ಧ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ಸರ್ಕಾರದ ಕಣ್ಣಿನ ವಿರುದ್ಧ ಆ ವಯಸ್ಸಿನಲ್ಲಿ ಒಬ್ಬರು ನಿಂತು ಗೆದ್ದ ನಾಡಿನಲ್ಲಿ, ಎದುರುಮನೆಯ ಕಣ್ಣಿನ ವಿಷಯದಲ್ಲಿ ಮಾತ್ರ ನಾವು "ಹೋಗ್ಲಿ ಬಿಡಿ" ಅಂತೀವಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇಲ್ಲಿ ಕೈಕೊಡುತ್ತೆ. ಒಬ್ಬ ವ್ಯಕ್ತಿ ತನ್ನ ಸ್ವಂತದ ಅಥವಾ ಮನೆಬಳಕೆಯ ಉದ್ದೇಶಕ್ಕೆ ಇಟ್ಟುಕೊಂಡ ಮಾಹಿತಿಗೆ ಅದು ಅನ್ವಯವಾಗೋದಿಲ್ಲ. ಇಂಗ್ಲೆಂಡಿನಲ್ಲಿ ಹಾಗಿಲ್ಲ. 2021ರ ಅಕ್ಟೋಬರಿನಲ್ಲಿ ಆಕ್ಸ್‌ಫರ್ಡಿನ ಕೌಂಟಿ ಕೋರ್ಟು ಇಂಥದ್ದೇ ನೆರೆಮನೆ ಜಗಳದಲ್ಲಿ ಕ್ಯಾಮೆರಾ ಇಟ್ಟವರ ವಿರುದ್ಧ ತೀರ್ಪು ಕೊಟ್ಟಿತು. ಚಿತ್ರಕ್ಕಿಂತಲೂ ಅದು ದೂರದಿಂದ ಮಾತು ಹಿಡಿದುಕೊಳ್ತಿದ್ದದ್ದೇ ಹೆಚ್ಚು ಆಕ್ಷೇಪಾರ್ಹ ಅಂತ ಆ ನ್ಯಾಯಾಧೀಶರಿಗೆ ಕಂಡಿತ್ತು. ನಿಮ್ಮ ಸಜ್ಜಾದ ಮೇಲಿನ ಗುಂಡಿಗೂ ಮೈಕು ಇದೆ, ನೋಡಿದ್ದೀರಾ? ಹೂವಿನವಳ ಕಷ್ಟ ಸುಖವೆಲ್ಲ ಅದರ ಹೊಟ್ಟೆಯಲ್ಲಿರುತ್ತೆ.

ಆ ಹೊಟ್ಟೆಗೆ ಕೈ ಹಾಕೋವ್ರೂ ಇದ್ದಾರೆ. 2016ರಲ್ಲಿ ಮಿರಾಯ್ ಅನ್ನೋ ಕುತಂತ್ರಾಂಶ ಲೋಕದ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್, ರೌಟರುಗಳಿಗೆ ನುಗ್ಗಿತು. ಹೇಗೆ ಅಂದ್ರೆ, ಕಾರ್ಖಾನೆಯಿಂದ ಬರುವಾಗ ಇದ್ದ ಹೆಸರು-ಪಾಸ್‌ವರ್ಡುಗಳ ಅರವತ್ತು ಚಿಲ್ಲರೆ ಜೋಡಿಗಳನ್ನ ಒಂದಾದ ಮೇಲೊಂದು ಹಾಕಿ ನೋಡಿ! ಆ ವರ್ಷದ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ತೆರೆಯದೇ ಹೋಗಿದ್ದಕ್ಕೆ ಯಾರ‍್ಯಾರದೋ ಮನೆಯ ಕ್ಯಾಮೆರಾಗಳೂ ಕಾರಣ. ಹತ್ತಿರದ ಉದಾಹರಣೆ ಬೇಕಂದ್ರೆ ಗುಜರಾತಿನ ರಾಜಕೋಟೆ. ಅಲ್ಲಿನ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾದ ದೃಶ್ಯಗಳು ಯೂಟ್ಯೂಬು, ಟೆಲಿಗ್ರಾಮಿಗೆ ಸೋರಿ ಮಾರಾಟಕ್ಕಿದ್ದದ್ದು 2025ರ ಫೆಬ್ರವರಿಯಲ್ಲಿ ಬಯಲಾಯ್ತು. ಕೇಂದ್ರ ಸರ್ಕಾರ ಸಿಸಿಟಿವಿ ಕ್ಯಾಮೆರಾಗಳಿಗೆ ಸುರಕ್ಷತಾ ಪರೀಕ್ಷೆ ಕಡ್ಡಾಯ ಮಾಡೋ ನಿಯಮವನ್ನ 2024ರಲ್ಲಿ ತಂದು 2025ರ ಏಪ್ರಿಲಿನಿಂದ ಜಾರಿಗೆ ಕೊಟ್ಟಿದೆ, ಒಳ್ಳೇದೇ. ಆದ್ರೆ ಪಾಸ್‌ವರ್ಡು ಬದಲಾಯಿಸೋಕೆ ಸರ್ಕಾರ ನಿಮ್ಮ ಮನೆಗೆ ಬರಲ್ಲ. ಅಲ್ಲಾಡದ ಕ್ಯಾಮೆರಾಕ್ಕೆ ನುಗ್ಗಿದವನಿಗೆ ನಿಮ್ಮ ಗೇಟು ಕಾಣುತ್ತೆ. ತಿರುಗೋದಕ್ಕೆ ನುಗ್ಗಿದವನ ಕೈಗೆ ಸ್ಟೀರಿಂಗೇ ಸಿಗುತ್ತೆ.

"ನಮ್ಮೂರಲ್ಲಿ ಮನೆ ಸುತ್ತ ಎರಡೆಕರೆ ಇದೆ, ನಮಗೂ ಬೇಡ್ವಾ?" ಅಂತ ತೀರ್ಥಹಳ್ಳಿ, ಶಿರಸಿ ಕಡೆಯ ಗೆಳೆಯರು ಕೇಳ್ತೀರಿ. ನಿಮಗೆ ಬೇರೆ ಲೆಕ್ಕ. ಅಂಗಳದಲ್ಲಿ ಒಣಗೋಕೆ ಹಾಕಿದ ಅಡಿಕೆ, ಆಚೆ ತೋಟ, ಕೊಟ್ಟಿಗೆ, ಮೇಲೆ ಗುಡ್ಡದ ದಾರಿ. ನಾಲ್ಕು ದಿಕ್ಕಿಗೂ ನೋಡೋದಕ್ಕೆ ನಿಮ್ಮದೇ ಸ್ವತ್ತಿದೆ, ಇಣುಕೋದಕ್ಕೆ ನೆರೆಮನೆ ಕೂಗಳತೆಯಲ್ಲೂ ಇಲ್ಲ. ತಿರುಗೋದನ್ನ ಹಾಕ್ಕೊಳ್ಳಿ, ಆದ್ರೆ ಎರಡನೆಯದಾಗಿ. ಮೊದಲನೆಯದು ಅಡಿಕೆ ಅಂಗಳವನ್ನೇ ನೋಡ್ತಾ ಗಟ್ಟಿಯಾಗಿ ಕೂತಿರಲಿ. ಸಿಮ್ಮು ಹಾಕೋ ಸೋಲಾರ್ ಕ್ಯಾಮೆರಾ, ಎಲ್ಲಿ ಬೇಕಾದ್ರೂ ಕಿತ್ತು ನೆಡಬಹುದು ಅಂತ ಮಾರ್ತಾರಲ್ಲ, ಅದನ್ನ ತಗೊಳ್ಳೋ ಮೊದಲು ಎರಡು ವಿಷಯ ಕೇಳಿ. ಒಂದು, ಬ್ಯಾಟರಿ ಉಳಿಸೋಕೆ ಅದು ನಿದ್ದೆ ಮಾಡ್ತಿರುತ್ತೆ, ಮೈ ಬಿಸಿ ತಾಕಿದ ಮೇಲೆ ಎಚ್ಚರ ಆಗುತ್ತೆ. ಆ ಒಂದೆರಡು ಸೆಕೆಂಡಿನಲ್ಲಿ ಮುಖ ದಾಟಿ ಬೆನ್ನು ಮಾತ್ರ ಸಿಗಬಹುದು. ಎರಡು, ಇಪ್ಪತ್ತನಾಲ್ಕು ಗಂಟೆ ರೆಕಾರ್ಡ್ ಮಾಡಿ ಕಳಿಸ್ತೀನಿ ಅಂದ್ರೆ, ಸೆಕೆಂಡಿಗೆ ಒಂದು ಮೆಗಾಬಿಟ್ಟಿನ ಸಾಧಾರಣ ಚಿತ್ರಕ್ಕೇ ದಿನಕ್ಕೆ 10.8 ಜಿಬಿ ಡೇಟಾ ಬೇಕು. ಇನ್ನು ಆಷಾಢದ ಆಗುಂಬೆಯಲ್ಲಿ ಸೋಲಾರ್ ಪ್ಯಾನೆಲ್ಲಿನ ಗತಿ ಏನು ಅಂತ ನಾನು ಹೇಳೋದು ಬೇಡ :-) ಮಂಗಗಳ ವಿಷಯವೂ ನಿಮಗೇ ಚೆನ್ನಾಗಿ ಗೊತ್ತು.

ಇನ್ನೊಂದು ಜಾತಿಯ ಗಿರಾಕಿಗಳಿದ್ದಾರೆ, ಅವರ ಮೇಲೆ ನನಗೆ ಜಗಳವಿಲ್ಲ. ಅಮೆರಿಕದಲ್ಲಿ ಇರೋ ಮಕ್ಕಳು ಅಪ್ಪ ಅಮ್ಮನ ಮನೆಗೆ ತಿರುಗೋ ಕ್ಯಾಮೆರಾ ಹಾಕಿಸಿ, ಅಲ್ಲಿ ರಾತ್ರಿಯಾದಾಗ ಇಲ್ಲಿನ ಬೆಳಗಿನ ಅಂಗಳ ನೋಡ್ತಾರೆ. ದಾಸವಾಳ ಬಿಟ್ಟಿದೆಯಾ, ಅಪ್ಪ ವಾಕಿಂಗಿಗೆ ಹೊರಟ್ರಾ ಅಂತ. ಅದು ಹಂಬಲ, ಅದಕ್ಕೆ ಪಿಕ್ಸೆಲ್ ಲೆಕ್ಕ ಹಾಕಬಾರದು. ಆದ್ರೆ ಅದನ್ನೇ ಕಾವಲು ಅಂತ ನಂಬಿಕೊಂಡು ಬಾಗಿಲಿನ ಚಿಲಕ ಭದ್ರ ಮಾಡಿಸದೇ ಇರಬೇಡಿ ಅಂತ ಮಾತ್ರ ಹೇಳ್ತೀನಿ. ಅಮ್ಮನನ್ನ ಒಂದು ಮಾತು ಕೇಳಿಯೂ ಹಾಕಿಸಿ.

ಹಾಗಾದ್ರೆ ನೀನೇನು ಹಾಕಿಸ್ತೀಯಪ್ಪ ಅಂದ್ರೆ: ಗೇಟಿಗೊಂದು, ಬಾಗಿಲಿಗೊಂದು, ಪಕ್ಕದ ಸಂದಿಗೊಂದು, ಮೂರು ಅಲ್ಲಾಡದ ಕ್ಯಾಮೆರಾ. ಗೇಟಿನ ದೂರ ಅಳೆದು ಲೆನ್ಸು. ವೈಫೈ ಬದಲು ಕೇಬಲ್ಲು, ನೂರು ಮೀಟರಿನವರೆಗೆ ಕರೆಂಟೂ ಚಿತ್ರವೂ ಒಂದೇ ತಂತಿಯಲ್ಲಿ ಹೋಗುತ್ತೆ. ರೆಕಾರ್ಡ್ ಮಾಡೋ ಪೆಟ್ಟಿಗೆ ಟಿವಿ ಕೆಳಗೆ ಬೇಡ. ಕಳ್ಳ ಮೊದಲು ಹೊತ್ತುಕೊಂಡು ಹೋಗೋದು ಅದನ್ನೇ. ಅಟ್ಟದ ಮೇಲೋ ಬೀರುವಿನ ಒಳಗೋ ಇರಲಿ. ಕ್ಯಾಮೆರಾ, ಪೆಟ್ಟಿಗೆ, ರೌಟರು ಮೂರೂ ಯುಪಿಎಸ್ಸಿಗೆ ಸೇರಿರಬೇಕು. ಇಲ್ಲದಿದ್ರೆ ಕರೆಂಟ್ ಹೋದ ರಾತ್ರಿಯ ಕತೆ ಯಾರಿಗೂ ಗೊತ್ತಾಗಲ್ಲ. ಗಡಿಯಾರ ಸರಿಯಾಗಿರಲಿ. ಏನಾದ್ರೂ ನಡೆದ್ರೆ ಆ ದೃಶ್ಯವನ್ನ ಕತ್ತರಿಸಿ ವಾಟ್ಸಾಪಿಗೆ ಹಾಕೋ ಮೊದಲು ಮೂಲವನ್ನ ಹಾಗೇ ತೆಗೆದಿಡಿ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದು ಕೋರ್ಟಿನಲ್ಲಿ ನಿಲ್ಲಬೇಕಾದ್ರೆ ಪ್ರಮಾಣಪತ್ರ ಬೇಕು. ಅದರ ಮೇಲೆಯೇ ಹೊಸ ದೃಶ್ಯ ಬರೆದುಹೋದ ಮೇಲೆ ಓಡಾಡಿದ್ರೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಆಗಲೇ ತಿರುಗೋದನ್ನ ತಂದು ಹಾಕಿ ಆಗಿದೆ ಅನ್ನೋವ್ರು ಅದನ್ನ ಎಸೀಬೇಕಾಗಿಲ್ಲ. ಗೇಟಿನ ಕಡೆ ಮುಖ ಮಾಡಿಸಿ, ಗಸ್ತು ಬಂದ್ ಮಾಡಿ, ಟ್ರ್ಯಾಕಿಂಗ್ ಬಂದ್ ಮಾಡಿ, ಮೈಕು ಬಂದ್ ಮಾಡಿ. ಬೇರೆಯವರ ಕಿಟಕಿ ಬೀಳೋ ಜಾಗಕ್ಕೆ ಕಪ್ಪು ಚೌಕ ಹಾಕೋ ಸೌಲಭ್ಯ ಹಲವದರಲ್ಲಿ ಇರುತ್ತೆ. ಅಗ್ಗದ ಮಾಲಿನಲ್ಲಿ ಕತ್ತು ತಿರುಗಿದ ಕೂಡಲೇ ಆ ಚೌಕ ಇನ್ಯಾವುದನ್ನೋ ಮುಚ್ಚೋದೂ ಉಂಟು, ಅದಕ್ಕೇ ಮೊದಲು ಕತ್ತನ್ನ ನಿಲ್ಲಿಸಬೇಕು. ಆಮೇಲೆ ಮೊಬೈಲನ್ನ ಎದುರುಮನೆಯವರ ಕೈಗೇ ಕೊಟ್ಟು "ನಿಮ್ಮನೆ ಎಲ್ಲಾದ್ರೂ ಕಾಣ್ತಿದೆಯಾ ನೋಡಿ" ಅಂತ ಕೇಳಿ. ಕಾಣ್ತಿದೆ ಅಂದ್ರೆ ಇನ್ನೂ ಒಂಚೂರು ಕೆಳಕ್ಕೆ ಬಗ್ಗಿಸಿ, ಅವರು ಸಾಕು ಅನ್ನೋವರೆಗೆ.